ಹಬ್ಬದ ಬಳೆ, ಬಾಗಿದ ಬೆನ್ನು: ಕಾರ್ಖಾನೆಯಲ್ಲಿ ಕೆಲಸ ಹಂಚುವ ಲೆಕ್ಕ

ಹೈದರಾಬಾದಿಗೆ ಬಂದವರು ಚಾರ್ಮಿನಾರ್ ನೋಡಿ ಅದರ ಪಕ್ಕದ ಲಾಡ್ ಬಜಾರಿಗೆ ಕಾಲಿಡದೆ ವಾಪಸ್ ಹೋಗೋದು ಕಡಿಮೆ. ಬೀದರ್, ಕಲಬುರಗಿ, ರಾಯಚೂರು ಕಡೆಯ ನಮ್ಮ ಮನೆಗಳಲ್ಲಂತೂ ಮದುವೆ ಗೊತ್ತಾಯಿತು ಅಂದರೆ ಹೆಣ್ಣುಮಕ್ಕಳ ಬಾಯಲ್ಲಿ ಮೊದಲು ಬರುವ ಹೆಸರು ಅದೇ. ಅಲ್ಲಿನ ಅರಗಿನ ಬಳೆಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಸಿಕ್ಕಿತು. ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಆ ಬಳೆಯ ಹಿಂದೆ ಎಷ್ಟು ಕೈಗಳಿವೆ, ಯಾವ ಕೈಗೆ ಎಷ್ಟು ಕೆಲಸ ಬೀಳ್ತದೆ, ಯಾರು ಸಂಜೆ ಆರಕ್ಕೆ ಮನೆಗೆ ಹೋಗ್ತಾರೆ, ಯಾರು ರಾತ್ರಿ ಹನ್ನೆರಡರ ತನಕ ದೀಪದ ಕೆಳಗೆ ಬಗ್ಗಿ ಕೂತಿರ್ತಾರೆ ಅಂತ ಕೇಳುವವರು ಬಹಳ ಇಲ್ಲ.

ಕಾರ್ಖಾನೆ ನಡೆಸುವವರ ಭಾಷೆಯಲ್ಲಿ ಇದಕ್ಕೆ ಉತ್ಪಾದನಾ ಯೋಜನೆ ಅಂತ ಹೆಸರು. ಯಾವ ಕೆಲಸ, ಯಾರು, ಯಾವಾಗ, ಎಷ್ಟು ಹೊತ್ತು ಅಂತ ಮೊದಲೇ ಬರೆದಿಡೋದು. ಅದರೊಳಗಿನ ಒಂದು ಮುಖ್ಯ ಪ್ರಶ್ನೆ ಕೆಲಸದ ಭಾರವನ್ನು ಸಮವಾಗಿ ಹಂಚೋದು. ದೊಡ್ಡ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುವ ವಿಷಯ ಇದು, ಆದರೆ ಇದರ ಬುಡದಲ್ಲಿರೋದು ಏಳನೇ ತರಗತಿಯ ಭಾಗಾಕಾರ. ಗಣಿತ ಪಾಠ ಮಾಡುವ ನನಗೆ ಈ ಲೆಕ್ಕ ನಮ್ಮ ಗಲ್ಲಿಗಳಿಗೆ ತುಂಬಾ ಬೇಕಾದದ್ದು ಅನ್ನಿಸಿದೆ. ಅದಕ್ಕೇ ಈ ಲೇಖನ.

ಬಳೆ ಆಗುವ ದಾರಿ

ಅರಗಿಗೆ ಉರ್ದುವಿನಲ್ಲಿ ಲಾಖ್. ಮರದ ಕೊಂಬೆಗಳ ಮೇಲೆ ಒಂದು ಸಣ್ಣ ಕೀಟ ಬಿಡುವ ಅಂಟು ಇದು. ಅದನ್ನು ಕೆಂಡದ ಮೇಲೆ ಕಾಯಿಸಿ, ಬೇರೆ ಅಂಟು, ಪುಡಿ ಸೇರಿಸಿ ಹಿಟ್ಟಿನ ಹಾಗೆ ನಾದುತ್ತಾರೆ. ಬಿಸಿ ಇರುವಾಗಲೇ ಉದ್ದಕ್ಕೆ ಎಳೆದು, ಬತ್ತಿ ಮಾಡಿ, ದುಂಡಗೆ ಬಾಗಿಸಬೇಕು. ಆಮೇಲೆ ಬಣ್ಣ, ನಯ. ಕೊನೆಗೆ ಬಳೆಯನ್ನು ಮತ್ತೆ ಸ್ವಲ್ಪ ಬಿಸಿ ಮಾಡಿ, ಒಂದೊಂದೇ ಹರಳನ್ನು ಚಿಮಟದಿಂದ ಎತ್ತಿ ಕೂರಿಸುವುದು. ಈ ಹರಳಿಗೆ ಇಲ್ಲಿನ ಕಾರೀಗರರು ನಗ್ ಅಂತಾರೆ. ನೋಡಿ, ತಿದ್ದಿ, ಜೋಡಿ ಮಾಡಿ ಡಬ್ಬಿಗೆ ಹಾಕಿದರೆ ಮುಗಿಯಿತು.

ಕೆಲಸದ ಸ್ವಭಾವ ನೋಡಿ. ನಾದುವವನಿಗೆ ಬೆಂಕಿಯ ಝಳ, ತೋಳಿಗೆ ಶ್ರಮ. ಹರಳು ಕೂರಿಸುವವನಿಗೆ ಕಣ್ಣು, ಕತ್ತು, ಬೆರಳ ತುದಿ. ಹೊತ್ತು ಹಿಡಿಯುವ ಕೆಲಸ ಹರಳಿನದೇ. ಉಳಿದವರು ಎಷ್ಟೇ ಬೇಗ ಮುಗಿಸಿದರೂ ಬಳೆಗಳು ಬಂದು ಹರಳಿನವನ ಮುಂದೆ ರಾಶಿ ಬೀಳ್ತವೆ. ಸೀಸೆಯ ಹೊಟ್ಟೆ ಎಷ್ಟೇ ದೊಡ್ಡದಿರಲಿ, ನೀರು ಬರೋದು ಕತ್ತಿನ ಅಳತೆಯಷ್ಟೇ. ಪ್ರತಿ ಕಾರ್ಖಾನೆಯಲ್ಲೂ ಇಂಥದೊಂದು ಇಕ್ಕಟ್ಟಿನ ಜಾಗ ಇರ್ತದೆ. ಅದನ್ನು ಗುರುತಿಸೋದು ಮೊದಲ ಪಾಠ.

ಐದು ಜನ, ಒಂದು ಸಾಲು

ಒಂದು ಲೆಕ್ಕ ಹಾಕೋಣ. ಸಂಖ್ಯೆಗಳು ಪಾಠಕ್ಕಾಗಿ ನಾನು ಇಟ್ಟುಕೊಂಡವು. ನಿಮ್ಮ ಕಾರ್ಖಾನೆಯ ಸಂಖ್ಯೆ ಬೇರೆ ಇರಬಹುದು, ದಾರಿ ಇದೇ.

ಬಳೆಯ ಒಂದು ಸೆಟ್‌ಗೆ ನಾದಲು 2 ನಿಮಿಷ, ಎಳೆದು ಬಾಗಿಸಲು 4, ಬಣ್ಣ ಮತ್ತು ನಯಕ್ಕೆ 2, ಹರಳಿಗೆ 12, ತಿದ್ದಿ ಡಬ್ಬಿಗೆ ಹಾಕಲು 4 ನಿಮಿಷ ಅಂತಿಟ್ಟುಕೊಳ್ಳಿ. ಒಟ್ಟು 24 ನಿಮಿಷ. ಐದು ಕೆಲಸ, ಐದು ಜನ. ಊಟದ ಹೊತ್ತು ಬಿಟ್ಟು ದಿನಕ್ಕೆ 8 ಗಂಟೆ, ಅಂದರೆ 480 ನಿಮಿಷ.

ಒಬ್ಬೊಬ್ಬರಿಗೆ ಒಂದೊಂದು ಕೆಲಸ ಕೊಟ್ಟರೆ ಏನಾಗ್ತದೆ? ಹರಳಿನವರು 12 ನಿಮಿಷಕ್ಕೆ ಒಂದು ಸೆಟ್ ಮುಗಿಸ್ತಾರೆ. ದಿನಕ್ಕೆ 40 ಸೆಟ್. ಅಷ್ಟಕ್ಕೆ ನಾದುವವರ ನಿಜವಾದ ಕೆಲಸ ಬರೀ 80 ನಿಮಿಷ. ಬಾಗಿಸುವವರದು 160, ಬಣ್ಣದವರದು 80, ಡಬ್ಬಿಯವರದು 160. ಹರಳಿನವರದು ಮಾತ್ರ ಪೂರಾ 480. ಐದು ಜನರ ಹೊತ್ತು ಸೇರಿದರೆ 2400 ನಿಮಿಷ. ಅದರಲ್ಲಿ ಕೆಲಸ ಆಗಿದ್ದು 960. ನೂರಕ್ಕೆ ನಲವತ್ತು ಮಾತ್ರ. ನಾಲ್ವರು ಕಾಯ್ತಾ ಕೂತಿದ್ದಾರೆ, ಒಬ್ಬರು ತಲೆ ಎತ್ತಲೂ ಆಗದೆ ಕೂತಿದ್ದಾರೆ.

ಈಗ ಈದ್ ಹತ್ತಿರ ಬಂತು. ಅಂಗಡಿಯವರು ದಿನಕ್ಕೆ 80 ಸೆಟ್ ಕೇಳ್ತಾರೆ. ಮಾಲೀಕರ ಬಾಯಲ್ಲಿ ಬರುವ ಮಾತು, "ಕಾಮ್ ಭೋತ್ ಹೈ, ಹಾತಾಂ ಕಮ್ ಹೈಂ." ಕೆಲಸ ಬಹಳ, ಕೈ ಕಡಿಮೆ ಅಂತ. ಹಳೆಯ ಹಂಚಿಕೆಯಲ್ಲೇ 80 ಸೆಟ್ ಆಗಬೇಕಾದರೆ ಹರಳಿನವರು 960 ನಿಮಿಷ, ಅಂದರೆ 16 ಗಂಟೆ ಕೂರಬೇಕು.

ಕೈ ನಿಜವಾಗಿಯೂ ಕಡಿಮೆ ಇದೆಯೇ? 480 ನಿಮಿಷದಲ್ಲಿ 80 ಸೆಟ್ ಅಂದರೆ 6 ನಿಮಿಷಕ್ಕೊಂದು ಸೆಟ್ ಹೊರಗೆ ಬರಬೇಕು. ಈ 6 ನಿಮಿಷಕ್ಕೆ ಕಾರ್ಖಾನೆಯವರು ಟ್ಯಾಕ್ಟ್ ಟೈಮ್ ಅಂತಾರೆ. ನಾವು ತಾಳ ಅನ್ನೋಣ. ಗಿರಾಕಿ ಹಾಕುವ ತಾಳಕ್ಕೆ ಇಡೀ ಸಾಲು ಹೆಜ್ಜೆ ಹಾಕಬೇಕು. ಒಂದು ಸೆಟ್‌ನ ಒಟ್ಟು ಕೆಲಸ 24 ನಿಮಿಷ, ತಾಳ 6 ನಿಮಿಷ, ಭಾಗಿಸಿದರೆ 4. ಲೆಕ್ಕದ ಪ್ರಕಾರ ನಾಲ್ಕೇ ಜನ ಸಾಕು! ನಾದುವುದು ಮತ್ತು ಬಾಗಿಸುವುದು ಒಬ್ಬರಿಗೆ (2+4), ಹರಳು ಇಬ್ಬರಿಗೆ (12ರ ಅರ್ಧರ್ಧ), ಬಣ್ಣ ಮತ್ತು ಡಬ್ಬಿ ಒಬ್ಬರಿಗೆ (2+4). ಎಲ್ಲರಿಗೂ ಆರಾರು ನಿಮಿಷ.

ಹಾಗಾದರೆ ಐದನೆಯವರನ್ನು ಮನೆಗೆ ಕಳಿಸೋದೇ? ಇಲ್ಲೇ ಲೆಕ್ಕ ಬಲ್ಲವರು ಇಬ್ಬಗೆ ಆಗ್ತಾರೆ. ನಾಲ್ವರೇ ಮಾಡಿದರೆ ಪ್ರತಿಯೊಬ್ಬರೂ 480ಕ್ಕೆ 480 ನಿಮಿಷ ದುಡಿಯಬೇಕು. ನೀರು ಕುಡಿಯಲು ಎದ್ದರೂ ಸಾಲು ನಿಲ್ಲುತ್ತದೆ. ಒಂದು ಹರಳು ಜಾರಿ ಬಿದ್ದರೂ ಹಿಂದಿನ ರಾಶಿ ಬೆಳೆಯುತ್ತದೆ. ಮನುಷ್ಯ ಹಾಗೆ ದಿನಗಟ್ಟಲೆ ನಡೆಯಲಾರ. ಐದೂ ಜನರನ್ನು ಉಳಿಸಿಕೊಂಡರೆ 80 ಸೆಟ್‌ನ ಒಟ್ಟು ಕೆಲಸ 1920 ನಿಮಿಷ ಐವರಲ್ಲಿ ಹಂಚಿಹೋಗಿ ತಲಾ 384 ನಿಮಿಷ ಆಗ್ತದೆ. ಉಳಿದ 96 ನಿಮಿಷ ಉಸಿರಾಡಲಿಕ್ಕೆ, ಚಹಾಕ್ಕೆ, ಜೊಹರ್-ಅಸರ್ ನಮಾಜಿಗೆ, ಕೆಟ್ಟ ಬಳೆ ತಿದ್ದಲಿಕ್ಕೆ. ಐದನೆಯವರು ಯಾವ ಜಾಗ ಖಾಲಿಯಾದರೂ ಅಲ್ಲಿ ಕೂರಬಲ್ಲವರು ಆಗಿರಬೇಕು, ಅಷ್ಟೇ. ಮೊದಲು ಐವರಿಂದ 40 ಬರ್ತಿತ್ತು, ಈಗ ಅದೇ ಐವರಿಂದ, ಅದೇ 8 ಗಂಟೆಯಲ್ಲಿ 80. ಹರಳಿನವರ ಕತ್ತೂ ಉಳಿಯಿತು.

ಇದು ಕಾಗದದ ಮೇಲಿನ ಲೆಕ್ಕ ನಿಜ. ನಾದುವವರಿಗೆ ಹರಳು ಕೂರಿಸಲು ಬರದೇ ಇದ್ದರೆ ನಡೆಯೋದಿಲ್ಲ. ಆದ್ದರಿಂದ ಕೆಲಸ ಹಂಚುವ ಲೆಕ್ಕಕ್ಕೆ ಮುಂಚೆ ಕೆಲಸ ಕಲಿಸುವ ಲೆಕ್ಕ ಬರಬೇಕು. ಹಬ್ಬ ಇಲ್ಲದ ತಿಂಗಳಲ್ಲಿ ಉಸ್ತಾದ್ ಆದವರು ಎಲ್ಲರಿಗೂ ಎರಡೆರಡು ಕೆಲಸ ಕಲಿಸಿಟ್ಟರೆ ಹಬ್ಬದ ತಿಂಗಳಲ್ಲಿ ಒಬ್ಬರ ಬೆನ್ನು ಮುರಿಯೋದು ತಪ್ಪುತ್ತದೆ.

ಮೂರು ದರ್ಜಿ, ಏಳು ಆರ್ಡರ್

ಬಳೆಯ ಕೆಲಸ ಸಾಲಿನದು. ದರ್ಜಿ ಅಂಗಡಿಯ ಕೆಲಸ ಹಾಗಲ್ಲ. ಒಬ್ಬರೇ ಒಂದು ಶೇರ್ವಾನಿಯನ್ನೋ ಖಡಾ ದುಪಟ್ಟಾವನ್ನೋ ಮೊದಲಿನಿಂದ ಕೊನೆಯ ತನಕ ಹೊಲಿಯಬಹುದು. ಇಲ್ಲಿ ಹಂಚಿಕೆಯ ಪ್ರಶ್ನೆ ಬೇರೆ ಥರ.

ಏಳು ಆರ್ಡರ್ ಬಂದಿವೆ, ಬಂದ ಕ್ರಮದಲ್ಲಿ ಅವುಗಳ ಗಂಟೆ: 3, 3, 3, 4, 4, 5, 5. ಒಟ್ಟು 27 ಗಂಟೆ. ಮೂವರು ದರ್ಜಿಗಳು. ಸಮ ಹಂಚಿದರೆ ತಲಾ 9.

ಬಂದ ಹಾಗೇ, ಯಾರ ಕೈ ಖಾಲಿ ಆಯಿತೋ ಅವರಿಗೆ ಕೊಡ್ತಾ ಹೋದರೆ ಮೊದಲನೆಯವರಿಗೆ 3+4+5=12, ಎರಡನೆಯವರಿಗೆ 3+4=7, ಮೂರನೆಯವರಿಗೆ 3+5=8. ಒಬ್ಬರು 7 ಗಂಟೆಗೆ ಮನೆಗೆ, ಇನ್ನೊಬ್ಬರು 12 ಗಂಟೆ ದುಡಿಮೆ. ನಮ್ಮ ಬಹುಪಾಲು ಅಂಗಡಿಗಳಲ್ಲಿ ನಡೆಯೋದು ಇದೇ.

ಎರಡನೇ ದಾರಿ, ದೊಡ್ಡದನ್ನು ಮೊದಲು ಹಂಚೋದು. ಗೋಣಿಚೀಲಕ್ಕೆ ಮೊದಲು ಕುಂಬಳಕಾಯಿ ಹಾಕಿ, ಸಂದಿಗೆ ಈರುಳ್ಳಿ ತುಂಬಿದ ಹಾಗೆ. 5, 5, 4 ಮೂವರಿಗೆ. ಇನ್ನೊಂದು 4 ಮೂರನೆಯವರಿಗೆ. ಆಮೇಲೆ ಮೂರರ ಕೆಲಸಗಳು ಒಂದೊಂದಾಗಿ. ಕೊನೆಗೆ 8, 8, 11. ಮೊದಲಿಗಿಂತ ಮೇಲು. ಅಮೆರಿಕದ ಗಣಿತಜ್ಞ ರೊನಾಲ್ಡ್ ಗ್ರಹಾಂ 1969ರಲ್ಲಿ ಈ ವಿಧಾನದ ಬಗ್ಗೆ ಒಂದು ಚೆಂದದ ಸಂಗತಿ ಸಾಧಿಸಿ ತೋರಿಸಿದರು. ದೊಡ್ಡದು ಮೊದಲು ಅನ್ನುವ ನಿಯಮ ಎಂಥ ಕೆಟ್ಟ ದಿನದಲ್ಲೂ ಅತ್ಯುತ್ತಮ ಹಂಚಿಕೆಗಿಂತ ಮೂರರಲ್ಲಿ ಒಂದು ಪಾಲಿನಷ್ಟು ಕೂಡ ಹಿಂದೆ ಬೀಳೋದಿಲ್ಲ. ಮೂವರು ಕೆಲಸಗಾರರಿದ್ದರೆ 9 ಗಂಟೆಯದು 11 ಆಗಬಹುದು, ಅದಕ್ಕಿಂತ ಕೆಡಲಾರದು. ನಮ್ಮ ಉದಾಹರಣೆ ಅವರ ಲೆಕ್ಕದ ಆ ಅತಿ ಕೆಟ್ಟ ದಿನವೇ.

ಮೂರನೇ ದಾರಿ, ಅದಲು ಬದಲು. ಮೂರನೆಯವರ ಬಳಿ 4, 4, 3 ಇವೆ. ಅವರ ಒಂದು 4ನ್ನು ಮೊದಲನೆಯವರಿಗೆ ಕೊಟ್ಟು ಅಲ್ಲಿನ 3 ತಗೊಳ್ಳಿ. ಇನ್ನೊಂದು 4ನ್ನು ಎರಡನೆಯವರಿಗೆ ಕೊಟ್ಟು ಅಲ್ಲಿನ 3 ತಗೊಳ್ಳಿ. ಈಗ 5+4, 5+4, 3+3+3. ಮೂವರಿಗೂ 9. ಎರಡೇ ಎರಡು ಅದಲುಬದಲಿನಲ್ಲಿ 11 ಗಂಟೆಯ ದಿನ 9ಕ್ಕೆ ಇಳಿಯಿತು.

ವಿದ್ಯಾರ್ಥಿಗಳು ಗಮನಿಸಬೇಕಾದ ಮಾತು: ಆರ್ಡರ್ ಏಳಿದ್ದಾಗ ಇದು ಆಟದಂತೆ ಕಾಣ್ತದೆ. ಎಪ್ಪತ್ತು ಆರ್ಡರ್, ಹತ್ತು ಜನ ಆದರೆ ಎಲ್ಲ ಹಂಚಿಕೆಗಳನ್ನೂ ಒಂದೊಂದಾಗಿ ಪರೀಕ್ಷಿಸಿ ನೋಡೋದು ಕಂಪ್ಯೂಟರಿಗೂ ಆಗದ ಕೆಲಸ. ಆಗ ಸಾಫ್ಟ್‌ವೇರ್ ಕೂಡ ಹೆಚ್ಚುಕಡಿಮೆ ಇದನ್ನೇ ಮಾಡೋದು: ಒಂದು ಒಳ್ಳೆಯ ಹಂಚಿಕೆಯಿಂದ ಶುರು ಮಾಡಿ, ಅದಲು ಬದಲು ಮಾಡ್ತಾ ಸುಧಾರಿಸ್ತಾ ಹೋಗೋದು.

ಗಂಟೆ ಸಮ ಆದರೆ ಭಾರ ಸಮವೇ?

ಇಲ್ಲಿಯ ತನಕ ನಿಮಿಷ ಎಣಿಸಿದೆವು. ಆದರೆ ಬೆಂಕಿಯ ಮುಂದಿನ ಒಂದು ಗಂಟೆ, ಡಬ್ಬಿ ಕಟ್ಟುವ ಒಂದು ಗಂಟೆ ಎರಡೂ ಒಂದೇ ಅಲ್ಲ. ರೋಜಾ ಇರುವ ದಿನದ ಮಧ್ಯಾಹ್ನ ಮೂರು ಗಂಟೆಯೂ ಬೆಳಗಿನ ಒಂಬತ್ತು ಗಂಟೆಯೂ ಒಂದೇ ಅಲ್ಲ. ಐವತ್ತು ದಾಟಿದ ಕಣ್ಣಿಗೂ ಇಪ್ಪತ್ತರ ಕಣ್ಣಿಗೂ ಹರಳಿನ ಹೊಳಪು ಒಂದೇ ಥರ ಕಾಣೋದಿಲ್ಲ. ಬಸುರಿ ಹೆಂಗಸಿಗೆ ನೆಲದ ಮೇಲೆ ಕೂತು ಮಾಡುವ ಕೆಲಸವೇ ಒಂದು ಭಾರ.

ಆದ್ದರಿಂದ ಒಳ್ಳೆಯ ಯೋಜನೆಯಲ್ಲಿ ಗಂಟೆಯ ಜೊತೆಗೆ ಸುತ್ತು ಇರ್ತದೆ. ಎರಡು ಗಂಟೆ ಹರಳು, ಆಮೇಲೆ ಒಂದು ಗಂಟೆ ಬಣ್ಣ, ಮತ್ತೆ ಹರಳು. ಇದರಿಂದ ಒಂದೇ ಸ್ನಾಯು, ಒಂದೇ ಕಣ್ಣು ದಿನವಿಡೀ ಸವೆಯೋದಿಲ್ಲ. ರಮಜಾನಿನಲ್ಲಿ ಬೆಂಕಿಯ ಕೆಲಸ ಬೆಳಿಗ್ಗೆಗೆ, ಕೂತು ಮಾಡುವ ಹಗುರ ಕೆಲಸ ಮಧ್ಯಾಹ್ನಕ್ಕೆ ಇಟ್ಟರೆ ಉತ್ಪಾದನೆ ಕಡಿಮೆ ಆಗಬೇಕಾಗಿಲ್ಲ. ಇದಕ್ಕೆ ಖರ್ಚಿಲ್ಲ, ಹಿಂದಿನ ರಾತ್ರಿ ಕೂತು ಯೋಚಿಸುವ ಹತ್ತು ನಿಮಿಷ ಬೇಕು.

ಕೂಲಿಯ ಪ್ರಶ್ನೆಯನ್ನೂ ಮರೆಯುವ ಹಾಗಿಲ್ಲ. ನಮ್ಮ ಕಾರ್ಖಾನೆಗಳಲ್ಲಿ ಹೆಚ್ಚಿನ ಕಡೆ ಪೀಸ್ ಲೆಕ್ಕದ ಕೂಲಿ. ಹರಳಿನವರ ಕೆಲಸದಲ್ಲಿ ಅರ್ಧ ತೆಗೆದು ಇನ್ನೊಬ್ಬರಿಗೆ ಕೊಟ್ಟರೆ ಭಾರ ಇಳಿಯಿತು, ಜೊತೆಗೆ ಅವರ ಕೂಲಿಯೂ ಇಳಿಯಿತು. ಆಗ ಅವರೇ ಬೇಡ ಅಂತಾರೆ, ಅದು ತಪ್ಪೂ ಅಲ್ಲ. ಮನೆಯಲ್ಲಿ ಒಲೆ ಉರಿಯಬೇಕು. ಹಾಗಾಗಿ ಕೆಲಸ ಹಂಚುವವರು ಕೂಲಿಯ ಲೆಕ್ಕವನ್ನೂ ಬದಲಿಸಬೇಕಾಗ್ತದೆ. ಒಂದು ದಾರಿ, ಸೆಟ್ ಒಂದಕ್ಕೆ ಇಡೀ ತಂಡಕ್ಕೆ ಇಷ್ಟು ಅಂತ ಗೊತ್ತು ಮಾಡಿ, ಕೌಶಲ ನೋಡಿ ಪಾಲು ಹಾಕೋದು. 40 ಸೆಟ್ ಇದ್ದದ್ದು 80 ಆದಾಗ ಬಂದ ಹೆಚ್ಚಿನ ಹಣದಲ್ಲಿ ತಂಡಕ್ಕೂ ಪಾಲು ಸಿಗಬೇಕು. ಆ ಮಾತು ಮೊದಲೇ ಆಗದಿದ್ದರೆ ಎಂಥ ಚೆಂದದ ಹಂಚಿಕೆಯೂ ಎರಡೇ ವಾರದಲ್ಲಿ ಮುರಿದು ಬೀಳ್ತದೆ.

ಮುದಾ, ಮುರಾ, ಮುರಿ

ಜಪಾನಿನ ಟೊಯೋಟಾ ಕಂಪನಿಯ ಉತ್ಪಾದನಾ ಪದ್ಧತಿ ಜಗತ್ತಿನಾದ್ಯಂತ ಹೆಸರಾದದ್ದು. ಅದನ್ನು ಕಟ್ಟಿದವರಲ್ಲಿ ತೈಚಿ ಓನೊ ಪ್ರಮುಖರು. ಅಲ್ಲಿ ಮೂರು ದೋಷಗಳನ್ನು ಹೇಳ್ತಾರೆ. ಮುದಾ ಅಂದರೆ ವ್ಯರ್ಥ. ಮುರಾ ಅಂದರೆ ಏರುಪೇರು. ಮುರಿ ಅಂದರೆ ಶಕ್ತಿ ಮೀರಿದ ಹೊರೆ. ಕನ್ನಡದಲ್ಲಿ ಮುರಿ ಅಂದರೇನು ಅಂತ ನಾನು ಹೇಳಬೇಕಾಗಿಲ್ಲ. ಶಕ್ತಿ ಮೀರಿ ಹೇರಿದರೆ ಆಗೋದೂ ಅದೇ. ನಮ್ಮ ಮಕ್ಕಳಿಗೆ ಈ ಪದ ಒಮ್ಮೆ ಹೇಳಿದರೆ ಸಾಕು, ಮರೆಯೋದಿಲ್ಲ.

ಈ ಮೂರಕ್ಕೂ ಸಂಬಂಧ ಇದೆ. ಕೆಲಸ ಏರುಪೇರಾಗಿ ಬಂದರೆ ಒಂದು ತಿಂಗಳು ಕೈ ಖಾಲಿ, ಇನ್ನೊಂದು ತಿಂಗಳು ಬೆನ್ನು ಮುರಿ. ಹೈದರಾಬಾದಿನ ಹಳೇ ಊರಿನ ಕಸುಬುಗಳಿಗೆ ಇದು ಚೆನ್ನಾಗಿ ಗೊತ್ತು. ಮುಹರ್ರಮ್ ತಿಂಗಳಲ್ಲಿ ಮದುವೆಗಳು ಕಡಿಮೆ, ಬಜಾರು ತಣ್ಣಗೆ. ಶಾಬಾನ್ ಬಂತು ಅಂದರೆ ಆರ್ಡರುಗಳು ಏರ್ತವೆ, ರಮಜಾನಿನ ಕೊನೆಯ ಹತ್ತು ದಿನ ಲಾಡ್ ಬಜಾರಿನಲ್ಲಿ ಕಾಲಿಡಲು ಜಾಗ ಇರೋದಿಲ್ಲ.

ಇನ್ನೊಂದು ಲೆಕ್ಕ. ನಾಲ್ಕು ತಿಂಗಳಲ್ಲಿ ಬೇಕಾಗುವ ಸೆಟ್‌ಗಳು 1000, 1000, 2000, 4000 ಅಂತಿಟ್ಟುಕೊಳ್ಳಿ. ಬೇಡಿಕೆಯ ಹಿಂದೆ ಓಡಿದರೆ ಕೊನೆಯ ತಿಂಗಳು ಮೊದಲ ತಿಂಗಳ ನಾಲ್ಕು ಪಟ್ಟು ದುಡಿಯಬೇಕು. ಒಟ್ಟು 8000, ತಿಂಗಳಿಗೆ 2000ದಂತೆ ಸಮವಾಗಿ ಮಾಡಿದರೆ ಮೊದಲ ತಿಂಗಳ ಕೊನೆಗೆ 1000 ಸೆಟ್, ಎರಡನೆಯ ಮತ್ತು ಮೂರನೆಯ ತಿಂಗಳ ಕೊನೆಗೆ 2000 ಸೆಟ್ ಉಗ್ರಾಣದಲ್ಲಿ ಉಳಿದು, ನಾಲ್ಕನೇ ತಿಂಗಳಲ್ಲಿ ಎಲ್ಲ ಖಾಲಿ ಆಗ್ತದೆ. ಜಪಾನೀಯರು ಇದಕ್ಕೆ ಹೆಯ್‌ಜುಂಕಾ ಅಂತಾರೆ. ನಮ್ಮ ಅಜ್ಜಿಯರು ಬೇಸಿಗೆಯಲ್ಲೇ ಹಪ್ಪಳ, ಸಂಡಿಗೆ ಮಾಡಿ ಮಳೆಗಾಲಕ್ಕೆ ಇಡ್ತಿದ್ದದ್ದು ಇದೇ ಬುದ್ಧಿ.

"ಮೊದಲೇ ಮಾಡಿಡಲು ಬಂಡವಾಳ ಎಲ್ಲಿದೆ? ಡಿಸೈನ್ ಬದಲಾದರೆ?" ಅಂತ ಮಾಲೀಕರು ಕೇಳೋದು ನ್ಯಾಯವೇ. ಸಣ್ಣ ಕಾರ್ಖಾನೆಯವರು ಸ್ವತಃ ಅಂಗಡಿಯವರ ಮುಂಗಡದ ಮೇಲೆ ಬದುಕ್ತಾರೆ. ಆದರೆ ಪ್ರತಿ ವರ್ಷ ಮಾರುವ ಹಳೇ ಡಿಸೈನ್‌ಗಳು ಇದ್ದೇ ಇರ್ತವೆ. ಅವನ್ನು ಮೊದಲೇ ಮುಗಿಸಬಹುದು. ಹರಳಿಲ್ಲದ ಸಾದಾ ಬಳೆಗಳನ್ನು ಮಾಡಿಟ್ಟುಕೊಂಡರೆ ಸುಗ್ಗಿಯಲ್ಲಿ ಬಾಗಿಸುವವರ ಕೈಯೂ ಹರಳಿಗೆ ಬಿಡುವಾಗ್ತದೆ. ಬಂಡವಾಳದ ಪ್ರಶ್ನೆಗೆ ದೊಡ್ಡ ಅಂಗಡಿಯವರೂ ಹೆಗಲು ಕೊಡಬೇಕು. ಆರ್ಡರನ್ನು ಎರಡು ತಿಂಗಳು ಮುಂಚೆ, ಮುಂಗಡದ ಸಮೇತ ಕೊಡೋದು ಅವರ ಕೈಯಲ್ಲಿದೆ. ಚಂದ್ರನ ಕ್ಯಾಲೆಂಡರಿನಲ್ಲಿ ಈದ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರ್ತದೆ. ಚಂದ್ರ ಕಾಣೋದು ಒಂದು ದಿನ ಆಚೀಚೆ ಆಗಬಹುದು, ತಿಂಗಳು ಯಾವುದು ಅಂತ ಎಲ್ಲರಿಗೂ ಗೊತ್ತು.

ಲೆಕ್ಕ ಚಾಟಿಯೂ ಆಗಬಹುದು

ಈ ಗಣಿತವನ್ನು ಹೊಗಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದ ಹಾಗೆ. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಹೊಸೂರು ರಸ್ತೆಯ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳೇ ದುಡಿಯೋದು. ಅಲ್ಲಿ ಕಾಲರ್, ತೋಳು, ಗುಂಡಿ ಅಂತ ಪ್ರತಿ ಹೊಲಿಗೆಗೂ ನಿಮಿಷದ ಲೆಕ್ಕ ಇದೆ, ಗಂಟೆಗೊಂದು ಟಾರ್ಗೆಟ್ ಇದೆ. ಸಾಲು ಸಮ ಆದಾಗ ಮಿಕ್ಕ ಹೊತ್ತು ಯಾರದು? ಕೆಲಸಗಾರರ ಉಸಿರಿಗೆ ಹೋಗಬೇಕಾದ ಹೊತ್ತು ಮುಂದಿನ ವಾರದ ಟಾರ್ಗೆಟ್ಟಿಗೆ ಸೇರಿಹೋದರೆ ಲೆಕ್ಕ ಚಾಟಿ ಆಯಿತು.

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರು ಕಾರ್ಖಾನೆಯಲ್ಲಿ 2020ರ ನವೆಂಬರಿನಲ್ಲಿ ಮುಷ್ಕರ, ಲಾಕೌಟ್ ಆಗಿದ್ದು ಹಲವರಿಗೆ ನೆನಪಿರಬಹುದು. ಸಂಘದ ಒಬ್ಬರನ್ನು ಅಮಾನತು ಮಾಡಿದ್ದರಿಂದ ಶುರುವಾದ ಆ ಜಗಳ ಮುಗಿಯುವ ಹೊತ್ತಿಗೆ 2021ರ ಮಾರ್ಚ್ ಬಂದಿತ್ತು. ಕೆಲಸದ ಹೊರೆ ಹೆಚ್ಚಿಸಿದ್ದಾರೆ ಅನ್ನೋದು ಸಂಘದ ದೊಡ್ಡ ದೂರುಗಳಲ್ಲೊಂದು. ಒಂದು ಕಾರಿಗೆ ಮೂರು ನಿಮಿಷ ಇದ್ದ ತಾಳವನ್ನು ಎರಡೂವರೆಗೆ ಇಳಿಸ್ತಿದ್ದಾರೆ ಅಂತ ಅವರು ಹೇಳಿದರು. ಕಂಪನಿ ಆ ಆರೋಪ ಒಪ್ಪಲಿಲ್ಲ. ಯಾರು ಸರಿ ಅಂತ ತೀರ್ಪು ಕೊಡೋದು ಇಲ್ಲಿಯ ಉದ್ದೇಶವಲ್ಲ. ಆ ಅರ್ಧ ನಿಮಿಷದ ತೂಕ ಎಷ್ಟು ಅಂತ ಮಾತ್ರ ನೋಡಿ. 480 ನಿಮಿಷವನ್ನು 3ರಿಂದ ಭಾಗಿಸಿದರೆ 160, ಎರಡೂವರೆಯಿಂದ ಭಾಗಿಸಿದರೆ 192. ಸಾಲಿನಲ್ಲಿ ನಿಂತವರು ಅದೇ ಪಾಳಿಯಲ್ಲಿ ಇನ್ನೂ 32 ಸಲ ಬಗ್ಗಬೇಕು, ಎತ್ತಬೇಕು, ತಿರುಗಿಸಬೇಕು. ಮೂವತ್ತು ಸೆಕೆಂಡು ಆಫೀಸಿನ ಪರದೆಯ ಮೇಲೆ ಸಣ್ಣದಾಗಿ ಕಾಣ್ತದೆ, ಭುಜಕ್ಕೆ ಸಣ್ಣದಲ್ಲ. ಮುರಿ ಅನ್ನುವ ಪದವನ್ನು ಜಗತ್ತಿಗೆ ಪರಿಚಯಿಸಿದ ಹೆಸರಿನ ಕಾರ್ಖಾನೆಯಲ್ಲೇ ಆ ಪ್ರಶ್ನೆ ಎದ್ದಿತು ಅನ್ನೋದು ಯೋಚಿಸುವ ಸಂಗತಿ.

ಭಾರ ಎಲ್ಲಿಗೆ ಜಾರುತ್ತದೆ

ಬಿಡದಿಯಲ್ಲಿ ಸಂಘ ಇತ್ತು, ದೂರು ಹೇಳುವ ಬಾಯಿ ಇತ್ತು. ಹಳೇ ಊರಿನ ಗಲ್ಲಿಯಲ್ಲಿ? ಹಂಚದೇ ಬಿಟ್ಟ ಭಾರ ನೀರಿನ ಹಾಗೆ ತಗ್ಗಿನ ಕಡೆಗೇ ಹರಿಯುತ್ತದೆ.

2015ರ ಜನವರಿಯಲ್ಲಿ ಹೈದರಾಬಾದ್ ಪೊಲೀಸರು ಹಳೇ ಊರಿನ ಭವಾನಿನಗರ ಭಾಗದ ಬಳೆ ಕಾರ್ಖಾನೆಗಳ ಮೇಲೆ ದಾಳಿ ಮಾಡಿ 200ಕ್ಕೂ ಹೆಚ್ಚು ಮಕ್ಕಳನ್ನು ಬಿಡಿಸಿದರು. ಹೆಚ್ಚಿನವರು ಬಿಹಾರದಿಂದ ಕರೆತಂದವರು. ಗಾಳಿ ಬೆಳಕಿಲ್ಲದ ಸಣ್ಣ ಕೋಣೆಗಳಲ್ಲಿ ದೀರ್ಘ ಹೊತ್ತು ಕೂರಿಸಿ ಬಳೆ ಕೆಲಸ ಮಾಡಿಸ್ತಿದ್ದರು. ಬಡತನ, ದಲ್ಲಾಳಿಗಳು, ದುರಾಸೆ ಇದಕ್ಕೆಲ್ಲ ಕಾರಣ ಹೌದು. ಅದರ ಜೊತೆಗೆ ಮೇಲಿನ 16 ಗಂಟೆಯ ಲೆಕ್ಕವನ್ನೂ ಇಟ್ಟು ನೋಡಿ. ದೊಡ್ಡವರೊಬ್ಬರು 16 ಗಂಟೆ ಕೂರಲಾರರು, ಕೂತರೂ ಅದರ ಕೂಲಿ ಕೇಳ್ತಾರೆ. ಕೇಳಲಾರದ ಕೈ ಹುಡುಕಿಕೊಂಡು ಹೋದಾಗ ಸಿಗೋದು ಮಗುವಿನ ಕೈ. ಸಣ್ಣ ಬೆರಳಿಗೆ ಸಣ್ಣ ಕೆಲಸ ಚೆನ್ನಾಗಿ ಬರ್ತದೆ ಅಂತ ಒಂದು ಮಾತು ಇಂಥ ಕಸುಬುಗಳ ಸುತ್ತ ಓಡಾಡ್ತದೆ. ಅದು ಬೆರಳಿನ ವಿಷಯವೇ ಅಲ್ಲ. ಕೂಲಿಯ ವಿಷಯ.

1986ರ ಬಾಲಕಾರ್ಮಿಕ ಕಾಯ್ದೆಯನ್ನು 2016ರಲ್ಲಿ ತಿದ್ದಿ, 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಅಂತ ಮಾಡಿದರು. ಆದರೆ ಶಾಲೆ ಮುಗಿದ ಮೇಲೆ, ರಜೆಯಲ್ಲಿ, ಮನೆಯವರ ಕಸುಬಿಗೆ ಕೈ ಜೋಡಿಸಬಹುದು ಅನ್ನುವ ಕಿಂಡಿ ಉಳಿಯಿತು. ಅಪಾಯದ ಕೆಲಸವಾದರೆ ಆ ಕಿಂಡಿಯೂ ಮುಚ್ಚಿರಬೇಕು. ಆದರೂ ಹಬ್ಬದ ತಿಂಗಳಲ್ಲಿ ಶಾಲೆಯ ಹಾಜರಿ ಪುಸ್ತಕ ತೆರೆದರೆ ಟೀಚರುಗಳಿಗೆ ಗೊತ್ತಾಗ್ತದೆ. ಖಾಲಿ ಬೆಂಚುಗಳು ಆರ್ಡರ್ ಪುಸ್ತಕದ ಇನ್ನೊಂದು ಮುಖ.

ಮನೆಯಲ್ಲೇ ಕೂತು ಹರಳು ಅಂಟಿಸುವ ಅಮ್ಮಂದಿರು, ಖಾಲಾಂದಿರು, ಆಪಾಂದಿರು ಇದ್ದಾರೆ. ಠೇಕೇದಾರ್ ಬಂದು ಮಾಲು ಕೊಟ್ಟು ಹೋಗ್ತಾನೆ, ನಾಳೆ ಬೆಳಿಗ್ಗೆ ಬೇಕು ಅಂತಾನೆ. ಅಡುಗೆ, ನೀರು, ಮಕ್ಕಳು ಮುಗಿದ ಮೇಲೆ ರಾತ್ರಿಯ ಪಾಳಿ ಶುರು. ಯಾವ ಯೋಜನೆಯ ಹಾಳೆಯಲ್ಲೂ ಅವರ ಹೆಸರಿಲ್ಲ, ಆದರೆ ಯೋಜನೆ ತಪ್ಪಿದಾಗಲೆಲ್ಲ ಅದನ್ನು ತುಂಬಿಕೊಡೋದು ಅವರ ನಿದ್ದೆ.

ಕಾನೂನು, ಹೋರಾಟ, ಸಲಹೆ

1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ, ಐದು ಗಂಟೆ ಆದ ಮೇಲೆ ಅರ್ಧ ಗಂಟೆ ವಿಶ್ರಾಂತಿ, ಹೆಚ್ಚಿನ ದುಡಿಮೆಗೆ ಎರಡು ಪಟ್ಟು ಕೂಲಿ ಅಂತ ಗೆರೆ ಎಳೆಯಿತು. ಆದರೆ ಅದು ಅನ್ವಯಿಸಲು ಇಂತಿಷ್ಟು ಜನ ಇರಬೇಕಿತ್ತು. ವಿದ್ಯುತ್ ಬಳಸುವ ಕಡೆ ಹತ್ತು, ಇಲ್ಲದ ಕಡೆ ಇಪ್ಪತ್ತು ಅನ್ನೋದು ಮೂಲ ಕಾಯ್ದೆಯ ಲೆಕ್ಕ. ಆರು ಜನರ ಗಲ್ಲಿಯ ಕಾರ್ಖಾನೆ ಆ ಬಲೆಯ ಹೊರಗೆ. ಈಚೆಗೆ ಗೆರೆಯೂ ಸಡಿಲ ಆಗ್ತಿದೆ. ಕರ್ನಾಟಕ 2023ರಲ್ಲಿ ತಿದ್ದುಪಡಿ ತಂದು ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯ ತನಕ ದುಡಿಸಲು ದಾರಿ ಮಾಡಿತು. ತೆಲಂಗಾಣ 2025ರ ಜುಲೈನಲ್ಲಿ ವಾಣಿಜ್ಯ ಸಂಸ್ಥೆಗಳಿಗೆ ದಿನಕ್ಕೆ 10 ಗಂಟೆಯ ಅವಕಾಶ ಕೊಟ್ಟಿತು, ಅಲ್ಲೂ ವಾರಕ್ಕೆ 48. ವಾರದ ಮೊತ್ತ ಬದಲಾಗಲಿಲ್ಲವಲ್ಲ ಅಂತ ಕೆಲವರು ಹೇಳ್ತಾರೆ. ನಾಲ್ಕು ದಿನದ ಊಟ ಒಂದೇ ದಿನ ಉಂಡರೂ ಮೊತ್ತ ಬದಲಾಗೋದಿಲ್ಲ.

ಹೈದರಾಬಾದಿಗೆ ಈ ಪ್ರಶ್ನೆ ಹೊಸದಲ್ಲ. ಉರ್ದು ಕವಿ ಮಖ್ದೂಮ್ ಮೊಹಿಯುದ್ದೀನ್ (1908-1969) ಇಲ್ಲಿನ ಸಿಟಿ ಕಾಲೇಜಿನಲ್ಲಿ ಪಾಠ ಮಾಡ್ತಿದ್ದವರು. ಆ ನೌಕರಿ ಬಿಟ್ಟು ನಿಜಾಮರ ಕಾಲದಲ್ಲೇ ಇಲ್ಲಿನ ಕಾರ್ಮಿಕರನ್ನು ಸಂಘಟಿಸಲು ಬೀದಿಗಿಳಿದರು. ಕವಿಯಾಗಿ ಅವರನ್ನು ಮುಶಾಯಿರಾಗಳಲ್ಲಿ ನೆನೆಯುವ ನಾವು ದುಡಿಯುವವರ ಗಂಟೆ ಎಣಿಸಿದ ಮೇಷ್ಟ್ರಾಗಿಯೂ ನೆನೆಯಬೇಕು.

ಇನ್ನೊಂದು ಮಾತು ನಮ್ಮ ಮಾಲೀಕರಿಗೂ ಕಾರೀಗರರಿಗೂ ಇಬ್ಬರಿಗೂ ಪರಿಚಯದ್ದು. ಕೈಕೆಳಗೆ ದುಡಿಯುವವರಿಗೆ ಶಕ್ತಿ ಮೀರಿದ ಕೆಲಸ ಹೊರಿಸಬೇಡಿ, ಹೊರಿಸಲೇಬೇಕಾಗಿ ಬಂದರೆ ನೀವೂ ಕೈ ಹಚ್ಚಿ ಅನ್ನುವ ಅರ್ಥದ ಹದೀಸನ್ನು ನಾವು ಜುಮಾ ಖುತ್ಬಾದಲ್ಲಿ ಕೇಳಿದ್ದೇವೆ. ಅದರ ಎರಡನೇ ಭಾಗ ನನಗೆ ಯಾವಾಗಲೂ ಯೋಜನೆಯ ಪಾಠದ ಹಾಗೆ ಕೇಳಿಸ್ತದೆ. ಭಾರ ಹೆಚ್ಚಾದ ದಿನ ಇನ್ನೊಂದು ಕೈ ಎಲ್ಲಿಂದ ಬರ್ತದೆ ಅಂತ ಮೊದಲೇ ಗೊತ್ತಿರಬೇಕು. ನಮ್ಮ ಲೆಕ್ಕದ ಐದನೆಯವರು ಅವರೇ.

ಹಾಗಾದರೆ ನಾಳೆಯಿಂದ ಏನು ಮಾಡಬಹುದು? ಕಾರ್ಖಾನೆ ನಡೆಸುವವರು ಒಂದು ವಾರ ಗಡಿಯಾರ ಇಟ್ಟುಕೊಂಡು ಪ್ರತಿ ಕೆಲಸಕ್ಕೆ ಎಷ್ಟು ನಿಮಿಷ ಹಿಡಿಯುತ್ತದೆ ಅಂತ ಬರೆಯಲಿ. ಕೆಲಸಗಾರರಿಗೆ ಹೇಳಿ, ಅವರನ್ನು ಕೂಡಿಸಿಕೊಂಡೇ ಬರೆಯಲಿ, ಕದ್ದು ಅಲ್ಲ. ಇಕ್ಕಟ್ಟಿನ ಜಾಗ ಯಾವುದು ಅಂತ ಗುರುತಿಸಿ, ಅಲ್ಲಿಗೆ ಎರಡನೇ ಕೈ ತಯಾರು ಮಾಡಲಿ. ಯಾರನ್ನೂ ನೂರಕ್ಕೆ ನೂರು ತುಂಬಿಸದೆ, ನೂರಕ್ಕೆ ಎಂಬತ್ತರ ಹತ್ತಿರ ನಿಲ್ಲಿಸಲಿ. ಹಂಚಿಕೆಯ ಹಾಳೆಯನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಅಂಟಿಸಲಿ, ಉರ್ದು, ತೆಲುಗು, ಕನ್ನಡ, ಹಿಂದಿ ಯಾವ ಭಾಷೆ ಓದುವವರು ಇದ್ದಾರೋ ಆ ಭಾಷೆಯಲ್ಲಿ. ಯಾರ ಹೆಸರಿನ ಮುಂದೆ ಎಷ್ಟು ಗಂಟೆ ಅಂತ ಕಣ್ಣಿಗೆ ಕಂಡಾಗ ಅನ್ಯಾಯ ಮಾಡೋದು ಸ್ವಲ್ಪ ಕಷ್ಟ ಆಗ್ತದೆ.

ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ. ನಿಮ್ಮ ಅಪ್ಪ, ಅಮ್ಮ, ಚಾಚಾ, ಮಾಮು ದುಡಿಯುವ ಜಾಗದ ಕೆಲಸಗಳನ್ನು ಬರೆದು, ನಿಮಿಷ ಬರೆದು, ಯಾರಿಗೆ ಎಷ್ಟು ಬಿದ್ದಿದೆ ಅಂತ ಕೂಡಿ ನೋಡಿ. ಎರಡು ಅದಲುಬದಲಿನಲ್ಲಿ ಸಮ ಆಗ್ತದೆಯೇ ಅಂತ ಪ್ರಯತ್ನಿಸಿ. ಮನೆಯ ಕೆಲಸದ ಪಟ್ಟಿಯನ್ನೂ ಹೀಗೇ ಮಾಡಬಹುದು. ಅಲ್ಲಿ ಹರಳಿನ ಜಾಗದಲ್ಲಿ ಯಾರು ಕೂತಿದ್ದಾರೆ ಅಂತ ಕಂಡುಹಿಡಿಯಲು ಬಹಳ ಹೊತ್ತು ಬೇಕಾಗಲಿಕ್ಕಿಲ್ಲ. ಬಳೆ ಕೊಳ್ಳುವವರಿಗೂ ಒಂದು ಕೋರಿಕೆ: ಮದುವೆಗೆ ಬೇಕಾದ ಜೋಡನ್ನು ಈದಿನ ಹಿಂದಿನ ವಾರ ಕೇಳುವ ಬದಲು ಎರಡು ತಿಂಗಳು ಮುಂಚೆ ಹೇಳಿಡಿ. ಅಷ್ಟರಿಂದಲೇ ಯಾರದೋ ಒಂದು ರಾತ್ರಿಯ ನಿದ್ದೆ ಉಳಿಯಬಹುದು.